ಚಿಲಕಕ್ಕೆ ಎಣ್ಣೆ ಸವರಿದ ಹುಡುಗ

ಓದುಗರೊಬ್ಬರ ಪತ್ರದ ಸಾರ: ‘ನನ್ನ ಮಗನಿಗೆ 15 ವರ್ಷ. ಒಂದೇ ತಿಂಗಳಲ್ಲಿ ಮೂರು ಸಲ, ನಾವು ಮಲಗಿದ ಮೇಲೆ ಹಿಂಬಾಗಿಲಿನಿಂದ ಹೊರಗೆ ಹೋಗಿದ್ದಾನೆ. ಸದ್ದಾಗದಿರಲಿ ಎಂದು ಚಿಲಕಕ್ಕೆ ಎಣ್ಣೆ ಸವರಿದ್ದ, ಹಾಸಿಗೆಯಲ್ಲಿ ದಿಂಬಿಗೆ ಹೊದಿಕೆ ಹೊದಿಸಿದ್ದ. ರಾತ್ರಿ ಅವನ ಕೋಣೆಗೆ ಹೊರಗಿನಿಂದ ಬೀಗ ಹಾಕೋಣ, ಫೋನಿಗೆ ಅವನಿಗೆ ತಿಳಿಯದಂತೆ ಟ್ರ್ಯಾಕರ್ ಹಾಕೋಣ ಎನ್ನುತ್ತಾರೆ ನಮ್ಮ ಯಜಮಾನರು. ನನಗೆ ಎರಡೂ ಸರಿ ಕಾಣುತ್ತಿಲ್ಲ. ಏನು ಮಾಡಲಿ?’

ಮೊದಲು ಬೀಗದ ಮಾತು. ಹೊರಗಿನಿಂದ ಬೀಗ ಒಂದು ರಾತ್ರಿಗೂ ಬೇಡ. ಬೆಂಕಿ ಹತ್ತಿಕೊಂಡರೆ ಕೋಣೆಯೊಳಗೆ ಹೊಗೆ ತುಂಬಲು ಕೆಲವೇ ನಿಮಿಷ ಸಾಕು. ಕತ್ತಲಲ್ಲಿ, ಗಾಬರಿಯಲ್ಲಿ ನೀವು ಬೀಗದ ಕೈ ಹುಡುಕುತ್ತಿರುತ್ತೀರಿ. ಬಾಗಿಲು ಮುಚ್ಚಿದರೆ ಹುಡುಗ ಕಿಟಕಿ ನೋಡುತ್ತಾನೆ, ಮಹಡಿ ಮನೆಯಾದರೆ ನೀರಿನ ಪೈಪು ಹಿಡಿದು ಇಳಿಯುತ್ತಾನೆ. ಹಿಂಬಾಗಿಲಿನಿಂದ ಹೋಗುತ್ತಿದ್ದಾಗ ಕೈಕಾಲು ಮುರಿಯುವ ಭಯವಾದರೂ ಇರಲಿಲ್ಲ.

ಬಾಗಿಲು ತೆರೆದದ್ದು ಗೊತ್ತಾಗಬೇಕೆಂದರೆ ಸೆನ್ಸರ್ ಸಾಕು. ಅದರಲ್ಲಿ ಎರಡು ಭಾಗ: ಅಯಸ್ಕಾಂತ ಬಾಗಿಲಿನ ಹಲಗೆಗೆ, ಬ್ಯಾಟರಿ ಇರುವ ತುಂಡು ಚೌಕಟ್ಟಿಗೆ. ಬಾಗಿಲು ಮುಚ್ಚಿದಾಗ ಇವೆರಡರ ನಡುವಿನ ಅಂತರ ಸಾಮಾನ್ಯವಾಗಿ 1ರಿಂದ 2 ಸೆಂಟಿಮೀಟರ್ ಮೀರಬಾರದು. ಮೀರಿದರೆ ಗಾಳಿಗೆ ಬಾಗಿಲು ಅಲುಗಿದರೂ ಕೂಗುತ್ತದೆ, ಒಂದು ವಾರದಲ್ಲಿ ನೀವೇ ಬೇಸತ್ತು ಕಿತ್ತು ಹಾಕುತ್ತೀರಿ. ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿದರೆ ಅಂತರ ಬದಲಾಗುತ್ತದೆ. ಕಬ್ಬಿಣದ ಬಾಗಿಲಿನ ಮೇಲೆ ಅಯಸ್ಕಾಂತದ ಸೆಳೆತ ಕುಗ್ಗಬಹುದು. ಅಂಟಿಸುವ ಮೊದಲು ಧೂಳು, ಜಿಡ್ಡು ಒರೆಸಿ. ಮುಖ್ಯವಾಗಿ, ಸೆನ್ಸರ್ ಹಾಕಿರುವುದನ್ನು ಮಗನಿಗೆ ಹೇಳಿಯೇ ಹಾಕಿ. ಚಿಲಕಕ್ಕೆ ಎಣ್ಣೆ ಬಿಡುವಷ್ಟು ಜಾಣನಿಗೆ ಅದನ್ನು ಪತ್ತೆ ಹಚ್ಚಲು ಎರಡು ದಿನವೂ ಬೇಡ.

ಗುಟ್ಟಿನ ಟ್ರ್ಯಾಕರ್ ಗುಟ್ಟಿನ ಸೆನ್ಸರಿಗಿಂತ ಕೆಟ್ಟದ್ದು. ಅದು ಗೊತ್ತಾದ ದಿನ ಅವನು ಫೋನನ್ನು ದಿಂಬಿನ ಕೆಳಗೆ ಬಿಟ್ಟು ಹೋಗುತ್ತಾನೆ. ನಕ್ಷೆಯಲ್ಲಿ ಮಗ ಮನೆಯಲ್ಲೇ ಇರುತ್ತಾನೆ; ನಿಜದಲ್ಲಿ ನಡುರಾತ್ರಿ ಎಲ್ಲೋ, ಕರೆ ಮಾಡಲು ಫೋನೂ ಇಲ್ಲದೆ. ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯುವಂಥದ್ದು. ಹದಿಹರೆಯದ ಮಕ್ಕಳ ಬಗ್ಗೆ ತಂದೆತಾಯಿಗೆ ಗೊತ್ತಿರುವ ಸಂಗತಿಗಳಲ್ಲಿ ಹೆಚ್ಚಿನವು ಬರುವುದು ಕಾವಲಿನಿಂದಲ್ಲ, ಮಕ್ಕಳು ತಾವಾಗಿ ಹೇಳಿದ್ದರಿಂದ ಎಂದು ಅವರು ಕಂಡುಕೊಂಡರು. ಹಾಗಾಗಿ ನಿಮ್ಮ ಮನೆಯಲ್ಲಿ ಈಗ ಉಳಿಸಿಕೊಳ್ಳಬೇಕಾದದ್ದು ಒಂದೇ: ರಾತ್ರಿ ಎರಡು ಗಂಟೆಗೆ ಏನಾದರೂ ಎಡವಟ್ಟಾದರೆ ಅವನು ನಿಮಗೇ ಫೋನ್ ಮಾಡಬೇಕು.

ಇನ್ನು, ರಾತ್ರಿಯೇ ಯಾಕೆ? ಒಂದಷ್ಟು ದೇಹದ ಕಾರಣ. ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ಮೊದಲಿಗಿಂತ ಒಂದೆರಡು ಗಂಟೆ ತಡವಾಗಿ ಸ್ರವಿಸುತ್ತದೆ. ಹನ್ನೊಂದಕ್ಕೆ ‘ನಿದ್ದೆ ಬರ್ತಿಲ್ಲ’ ಎಂದರೆ ಅದು ನೆಪವಲ್ಲ. ಉಳಿದದ್ದು ಗೆಳೆಯರ ಸೆಳೆತ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ನೋಡಿದರು. ಜೊತೆಗೆ ಓರಗೆಯವರು ಇದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ‘ನಮ್ಮ ಹುಡುಗ ಒಳ್ಳೆಯವನೇ, ಸಹವಾಸ ಕೆಟ್ಟದ್ದು’ ಎಂದು ನೀವು ಹೇಳುವ ಹೊತ್ತಿಗೆ ಆ ಗೆಳೆಯನ ಮನೆಯಲ್ಲೂ ಇದೇ ಮಾತು ನಡೆಯುತ್ತಿರುತ್ತದೆ.

ಮತ್ತೊಮ್ಮೆ ಹಾಸಿಗೆ ಖಾಲಿ ಕಂಡರೆ ಮೊದಲು ಬಚ್ಚಲು, ತಾರಸಿ, ಅಂಗಳ ನೋಡಿ. ಚಪ್ಪಲಿ, ಫೋನು, ಗಾಡಿಯ ಕೀ ಇವೆಯೇ ನೋಡಿ. ಎಲ್ಲವೂ ಇದ್ದಲ್ಲೇ ಇದ್ದು ಬಾಗಿಲು ಮಾತ್ರ ಹಾರುಹೊಡೆದಿದ್ದರೆ ನಿದ್ದೆಯಲ್ಲಿ ನಡೆದಿರುವ ಸಾಧ್ಯತೆಯೂ ಉಂಟು. ಅದು ಹೆಚ್ಚಾಗಿ ಮಲಗಿದ ಮೊದಲ ಕೆಲವು ಗಂಟೆಗಳಲ್ಲೇ ಆಗುತ್ತದೆ, ತಡಮಾಡದೆ ಹತ್ತಿರದಲ್ಲೇ ಹುಡುಕಬೇಕು. ಹಾಗಲ್ಲದಿದ್ದರೆ ಒಂದು ಕರೆ, ಒಂದೇ ಸಂದೇಶ: ‘ಎಲ್ಲಿದ್ದೀಯ ಹೇಳು. ಈಗ ಬೈಯಲ್ಲ. ಬಂದು ಕರ್ಕೊಂಡು ಬರ್ತೀನಿ.’ ಇಪ್ಪತ್ತು ಸಲ ಕರೆ ಮಾಡಿದರೆ ಅವನು ಫೋನ್ ಆಫ್ ಮಾಡುತ್ತಾನೆ, ಇಲ್ಲವೆ ಬ್ಯಾಟರಿ ಮುಗಿಯುತ್ತದೆ. ಉತ್ತರ ಬಾರದಿದ್ದರೆ ಗೆಳೆಯರ ಮನೆಯವರನ್ನು ಎಬ್ಬಿಸಿ, ಸಂಕೋಚ ಬೇಡ. ಅಲ್ಲೂ ಸುಳಿವು ಸಿಗದಿದ್ದರೆ ಪೊಲೀಸರಿಗೆ ತಿಳಿಸಿ. 24 ಗಂಟೆ ಕಾಯಬೇಕು ಎನ್ನುವುದನ್ನು ನಂಬಿಕೊಂಡು ಕೂರಬೇಡಿ. ‘ಬರಲಿ, ಪಾಠ ಕಲಿಸ್ತೀನಿ’ ಎಂದು ಅವನು ಹೋದ ಬಾಗಿಲಿಗೆ ಅಗುಳಿ ಹಾಕುವವರಿದ್ದಾರೆ. ಹಾಕಿದರೆ ಹಿಂತಿರುಗಿ ಬಂದವನು ಇನ್ನೆಲ್ಲೋ ಹೋಗುತ್ತಾನೆ.

ಬಂದ ಮೇಲೆ ನೋಡಬೇಕಾದದ್ದು ಗಾಯ, ನಡಿಗೆ, ಮಾತು. ಕುಡಿದಿದ್ದರೆ ಒಂಟಿಯಾಗಿ ಮಲಗಿಸಬೇಡಿ. ಮಗ್ಗುಲಿಗೆ ಹೊರಳಿಸಿ, ಪಕ್ಕದಲ್ಲೇ ಇರಿ. ಎಬ್ಬಿಸಿದರೂ ಏಳದಿದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಉಸಿರಾಟ ತೀರಾ ನಿಧಾನವಾದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ ಆಸ್ಪತ್ರೆಗೆ ಹೊರಡಿ. ವಿಚಾರಣೆ ಆ ರಾತ್ರಿ ಬೇಡ.

ಮರುದಿನ ಅವನು ಮಲಗಿ ಎದ್ದು ಊಟ ಮಾಡಿದ ಮೇಲೆ ಒಬ್ಬರೇ ಮಾತಾಡಿ. ಇಬ್ಬರೂ ಎದುರಿಗೆ ಕೂತರೆ ಅದು ನ್ಯಾಯಾಲಯವಾಗುತ್ತದೆ. ‘ಯಾಕೆ ಹೋದೆ?’ ಎಂದರೆ ಬರುವ ಉತ್ತರ ‘ಸುಮ್ನೆ’. ‘ಅಲ್ಲಿ ಏನು ಮಾಡಿದಿರಿ? ಹೋಗೋದು ಹೇಗೆ, ಬರೋದು ಹೇಗೆ? ಗಾಡಿ ಓಡಿಸಿದ್ದು ಯಾರು?’ ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. 17 ಗಂಟೆ ಎಚ್ಚರ ಇದ್ದವರ ಕೈಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಕುಸಿಯುತ್ತದೆ ಎಂದು 1997ರ ಅಧ್ಯಯನವೊಂದು ತೋರಿಸಿತ್ತು. ಬೆಳಿಗ್ಗೆ ಆರಕ್ಕೆ ಎದ್ದ ಹುಡುಗನಿಗೆ ಅದು ರಾತ್ರಿ ಹನ್ನೊಂದಕ್ಕೇ ಬರುತ್ತದೆ, ಕುಡಿಯದಿದ್ದರೂ.

ಶಿಕ್ಷೆ ಇರಲಿ, ಚಿಕ್ಕದಿರಲಿ: ಎರಡು ವಾರಾಂತ್ಯ ಹೊರಗೆ ಹೋಗುವಂತಿಲ್ಲ, ಅಷ್ಟೆ. ಎರಡು ತಿಂಗಳು ಎಂದರೆ ಹತ್ತನೇ ದಿನ ನಿಮ್ಮ ಮನಸ್ಸೇ ಸಡಿಲವಾಗುತ್ತದೆ. ಅದನ್ನು ಅವನು ಗಮನಿಸುತ್ತಾನೆ. ಶಿಕ್ಷೆ ಮುಗಿದ ಮೇಲೆ ಮುಂಬಾಗಿಲಿನಿಂದಲೇ ಹೋಗುವ ದಾರಿ ಮಾಡಿಕೊಡಿ. ಹದಿನೈದು ದಿನಕ್ಕೊಂದು ಸಂಜೆ. ಎಲ್ಲಿ, ಯಾರ ಜೊತೆ, ವಾಪಸು ಹೇಗೆ, ಎಷ್ಟು ಹೊತ್ತಿಗೆ ಎಂಬ ನಾಲ್ಕು ಸಂಗತಿ ಮೊದಲೇ ಗೊತ್ತಿರಬೇಕು. ತಲುಪಿದಾಗ ಒಂದು ಸಂದೇಶ, ಹೊರಡುವಾಗ ಇನ್ನೊಂದು. ಜೊತೆಗೊಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ, ‘ಅಜ್ಜಿಗೆ ತಲೆನೋವಾ?’ ಎನ್ನುವಂಥದ್ದು. ಆ ಸಂದೇಶ ಬಂದರೆ ನೀವೇ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ‘ತಕ್ಷಣ ಬಾ’ ಎಂದು ಗದರಬೇಕು. ಗೆಳೆಯರೆದುರು ಅವನ ಮಾನ ಉಳಿಯುತ್ತದೆ.

ಇದ್ಯಾವುದೂ ಅನ್ವಯಿಸದ ಒಂದು ಸಂದರ್ಭವಿದೆ. ಅವನು ಹೋಗುತ್ತಿರುವುದು ಓರಗೆಯವರ ಬಳಿಗಲ್ಲ, ವಯಸ್ಸಿನಲ್ಲಿ ದೊಡ್ಡವರೊಬ್ಬರು ಕರೆದಾಗ ಎಂದು ಅನುಮಾನ ಬಂದರೆ. ಎಲ್ಲಿಂದ ಬಂತೆಂದು ಹೇಳಲಾಗದ ಹಣ, ಹೊಸ ಫೋನು, ಉಡುಗೊರೆ ಕಂಡರೆ. ಆಗ ಶಿಕ್ಷೆ, ಒಪ್ಪಂದ ಎರಡನ್ನೂ ಪಕ್ಕಕ್ಕಿಡಿ, ತಪ್ಪು ಅವನದಲ್ಲ ಎಂದು ಮೊದಲೇ ಹೇಳಿಬಿಡಿ. ಆ ವ್ಯಕ್ತಿಗೆ ನೀವೇ ಫೋನ್ ಮಾಡಿ ಬೈಯಬೇಡಿ. ಬೈದರೆ ಆ ಕಡೆಯ ಸಂದೇಶಗಳೆಲ್ಲ ಅಳಿಸಿಹೋಗುತ್ತವೆ. ಇರುವ ಸಂದೇಶಗಳು ದಿನಾಂಕ, ಸಮಯ, ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಫೋನನ್ನು ಹಾಗೆಯೇ ಪೊಲೀಸರ ಬಳಿಗೆ ಒಯ್ಯಿರಿ.