ಮಗಳಿಗೆ ಹದಿನೈದಾಗುತ್ತಿದೆ, ಅವಳು ಯಾವ ಕಡೆ?

ಪ್ರಶ್ನೆ: ನನ್ನ ಗಂಡ ಬಹಾಯಿ ಧರ್ಮದವರು. ನಾನು ಮನೆದೇವರ ಪೂಜೆ ಬಿಟ್ಟವಳಲ್ಲ. ಇದಕ್ಕಾಗಿ ನಾವಿಬ್ಬರೂ ಯಾವತ್ತೂ ಜಗಳವಾಡಿಲ್ಲ. ಮಗಳು ಚಿಕ್ಕಂದಿನಿಂದ ಬಹಾಯಿ ಮಕ್ಕಳ ತರಗತಿಗೆ ಹೋಗುತ್ತಾಳೆ, ಗೌರಿ ಹಬ್ಬಕ್ಕೆ ನನ್ನ ಜೊತೆ ಕೂತು ಬಾಗಿನವನ್ನೂ ಜೋಡಿಸುತ್ತಾಳೆ. ಬರುವ ತಿಂಗಳು ಅವಳಿಗೆ 15. ಬಹಾಯಿ ಆಗಬೇಕೋ ಬೇಡವೋ ಅಂತ ಅವಳೇ ತೀರ್ಮಾನಿಸುವ ವಯಸ್ಸಂತೆ. 'ಹುಡುಗಿ ಕೈತಪ್ಪಿ ಹೋಗ್ತಾಳೆ' ಅಂತ ನನ್ನಮ್ಮ ಫೋನಿನಲ್ಲಿ ಅಳುತ್ತಾರೆ. ಮೊನ್ನೆ ಮಗಳು, 'ನಾನು ಯಾವ ಕಡೆ ಹೋದ್ರೆ ನಿಂಗೆ ಬೇಜಾರಾಗಲ್ಲ?' ಅಂದಳು. ಏನು ಹೇಳಲಿ?

ಉತ್ತರ: ನಿಮ್ಮ ಮಗಳ ಆ ಪ್ರಶ್ನೆ ಓದಿ ಸಂಕಟವಾಯಿತು. ದೇವರ ವಿಷಯ ಯೋಚಿಸಬೇಕಾದ ಹುಡುಗಿ ಅಮ್ಮ ನೊಂದುಕೊಳ್ಳುತ್ತಾಳಾ, ಅಪ್ಪ ನೊಂದುಕೊಳ್ಳುತ್ತಾರಾ ಅಂತ ಲೆಕ್ಕ ಹಾಕುತ್ತಿದ್ದಾಳೆ. ಮೊದಲು ಆ ಭಾರ ಇಳಿಸಿ. 'ನೀನು ಏನೇ ಆರಿಸಿಕೊಂಡರೂ ನನ್ನ ಮಗಳೇ' ಅಂತ ಬಾಯಿಬಿಟ್ಟು ಹೇಳಿ. ಅದೇ ಮಾತನ್ನು ಅವಳ ಅಪ್ಪನೂ ಹೇಳಲಿ, ಇಬ್ಬರೂ ಒಟ್ಟಿಗೆ ಕೂತಾಗ.

ನಿಮ್ಮ ಯಜಮಾನರು ಇದಕ್ಕೆ ಒಪ್ಪುತ್ತಾರೆ ಅನ್ನುವ ನಂಬಿಕೆ ನನಗಿದೆ. ಸತ್ಯವನ್ನು ಪ್ರತಿಯೊಬ್ಬರೂ ತಾವೇ ಹುಡುಕಿಕೊಳ್ಳಬೇಕು ಅನ್ನುವುದು ಬಹಾಯಿ ಧರ್ಮದ ಸ್ಥಾಪಕ ಬಹಾಉಲ್ಲಾ ಅವರ ಮುಖ್ಯ ಬೋಧನೆಗಳಲ್ಲಿ ಒಂದು. ಅಪ್ಪ ಬಹಾಯಿ ಅಂದಮಾತ್ರಕ್ಕೆ ದೊಡ್ಡವಳಾದ ಮಗಳೂ ಬಹಾಯಿ ಆಗಿರಬೇಕು ಅಂತೇನಿಲ್ಲ. 15 ಕಡೆಯ ದಿನಾಂಕವೂ ಅಲ್ಲ. ಈಗ ಬೇಡ ಅನ್ನಿಸಿದರೆ ಸುಮ್ಮನಿರಬಹುದು, ಮುಂದೆ ಯಾವ ವಯಸ್ಸಿನಲ್ಲಾದರೂ ಆಗಬಹುದು. ಬಂಧುಗಳು ಕೇಳುತ್ತಾರೆ ಅಂತ ಹುಟ್ಟುಹಬ್ಬದ ದಿನವೇ ಉತ್ತರ ಕೊಡಿಸುವ ಅವಸರ ಯಾರಿಗೂ ಬೇಡ.

ಅವಳು ಹೌದು ಅಂದರೆ ಏನೂ ಬದಲಾಗುವುದಿಲ್ಲ ಅಂತ ಮಾತ್ರ ನಾನು ಹೇಳಲಾರೆ. ದಿನವೂ ಪ್ರಾರ್ಥನೆ ಇರುತ್ತದೆ. ಮಾರ್ಚ್‌ನಲ್ಲಿ 19 ದಿನ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಅನ್ನ ನೀರು ಮುಟ್ಟದ ಉಪವಾಸ ಇರುತ್ತದೆ. ಆಗ ನೀವು ಬೆಳಕು ಹರಿಯುವ ಮುಂಚೆ ಎದ್ದು ಅವಳಿಗೆ ಬಿಸಿಬಿಸಿ ದೋಸೆ ಹುಯ್ದು ಕೊಟ್ಟರೆ ನಿಮ್ಮ ಪೂಜೆಗೆ ಏನೂ ಕುಂದಿಲ್ಲ. ಮದುವೆಯ ವಿಚಾರವನ್ನಂತೂ ನಿಮ್ಮಮ್ಮನಿಗೆ ತಪ್ಪದೆ ತಿಳಿಸಿ. ಬಹಾಯಿ ಮದುವೆಗೆ ಹುಡುಗ ಹುಡುಗಿ ಒಪ್ಪಿದರೆ ಸಾಲದು, ಬದುಕಿರುವ ಅಪ್ಪ ಅಮ್ಮಂದಿರೆಲ್ಲರ ಒಪ್ಪಿಗೆಯೂ ಬೇಕು, ಅವರು ಯಾವ ಧರ್ಮದವರಾದರೂ ಸರಿ. ಮೊಮ್ಮಗಳು ಕೈತಪ್ಪುತ್ತಾಳೆ ಅಂತ ಅಳುವ ಅಜ್ಜಿಗೆ ಇದು ಸ್ವಲ್ಪ ಸಮಾಧಾನ ತರಬಹುದು, ಅಲ್ವಾ? ಬಹಾಯಿಗಳು ಕೃಷ್ಣನನ್ನೂ ಬುದ್ಧನನ್ನೂ ದೇವರಿಂದ ಬಂದವರೆಂದೇ ಗೌರವಿಸುತ್ತಾರೆ ಅನ್ನುವುದನ್ನೂ ಹೇಳಿ. 1986ರಲ್ಲಿ ದೆಹಲಿಯಲ್ಲಿ ತೆರೆದ ಕಮಲದಾಕಾರದ ಬಹಾಯಿ ಮಂದಿರಕ್ಕೆ ಎಲ್ಲ ಧರ್ಮದವರೂ ಹೋಗುತ್ತಾರೆ. ಅಲ್ಲಿ ಬೇರೆ ಬೇರೆ ಧರ್ಮಗಳ ಗ್ರಂಥಗಳನ್ನು ಓದುತ್ತಾರೆ, ಪ್ರವಚನ ಮಾಡುವುದಿಲ್ಲ.

ಇನ್ನು ನಿಮ್ಮ ಪಾಲು. ಮಗಳು ತರಗತಿಯಲ್ಲಿ ಅಪ್ಪನ ಧರ್ಮವನ್ನು ಕ್ರಮವಾಗಿ ಕಲಿತಳು. ನಿಮ್ಮಿಂದ ಬಾಗಿನ ಜೋಡಿಸುವುದನ್ನು ಕಲಿತಳು. ಆದರೆ ದೀಪದ ಮುಂದೆ ಕೂತಾಗ ನೀವು ಏನು ಬೇಡಿಕೊಳ್ಳುತ್ತೀರಿ, ಕಷ್ಟ ಬಂದಾಗ ಆ ಪೂಜೆ ನಿಮ್ಮನ್ನು ಹೇಗೆ ಕಾಪಾಡಿತು, ಇದನ್ನೆಲ್ಲ ಯಾವತ್ತಾದರೂ ಅವಳಿಗೆ ಹೇಳಿದ್ದೀರಾ? ಅವಳನ್ನು ಎಳೆದುಕೊಳ್ಳಲು ಹೇಳಬೇಡಿ. ನಿಮ್ಮ ನಂಬಿಕೆಯ ಒಳಗನ್ನೂ ಅವಳು ತಿಳಿದುಕೊಳ್ಳಲಿ ಅಂತ ಹೇಳಿ. ಎರಡನ್ನೂ ಸರಿಯಾಗಿ ಬಲ್ಲವಳು ಮಾತ್ರ ನಿಜವಾಗಿ ಆರಿಸಿಕೊಳ್ಳಬಲ್ಲಳು.

ನಿಮ್ಮಮ್ಮನ ಜೊತೆ ನೀವೇ ಮಾತಾಡಿ. ಈ ಪ್ರಶ್ನೆಯನ್ನು ಮೊಮ್ಮಗಳ ಹತ್ತಿರ ನೇರವಾಗಿ ಎತ್ತಬೇಡಿ ಅಂತ ಪ್ರೀತಿಯಿಂದಲೇ, ಆದರೆ ಖಡಾಖಂಡಿತವಾಗಿ ಹೇಳಿ. ಗಂಡನ ಕಡೆಯವರಿಗೆ ಅದೇ ಮಾತು ಹೇಳುವ ಜವಾಬ್ದಾರಿ ನಿಮ್ಮ ಯಜಮಾನರದು.