ಎರಡನೆಯ ಡಿಸ್ಕೂ ಕೈಕೊಟ್ಟಾಗ: ರೇಡ್ ದತ್ತಾಂಶ ಮರಳಿ ಪಡೆಯುವ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದ ಇಪ್ಪತ್ತು ವರ್ಷಗಳ ತಾಳಮದ್ದಳೆ, ನಾಟಕ ಮತ್ತು ನಾಡಹಬ್ಬದ ಧ್ವನಿಮುದ್ರಣಗಳನ್ನೂ ಛಾಯಾಚಿತ್ರಗಳನ್ನೂ ತಲಾ 4 ಟಿಬಿಯ ನಾಲ್ಕು ಡಿಸ್ಕ್‌ಗಳಿರುವ ಒಂದು ನಾಸ್ ಪೆಟ್ಟಿಗೆಯಲ್ಲಿ (ಜಾಲದ ಮೂಲಕ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ) ರೇಡ್ 5 ವಿಧಾನದಲ್ಲಿ, ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ, ಇಟ್ಟಿದ್ದೆವು. ಮೂರನೆಯ ಡಿಸ್ಕ್‌ನ ದೀಪ ಕೆಂಪಾಗಿದ್ದನ್ನು ಆರು ವಾರ ಯಾರೂ ಗಮನಿಸಲಿಲ್ಲ. ಆ ಅವಧಿಯಲ್ಲಿ ರಾಜ್ಯೋತ್ಸವದ ಕೆಲವು ಫೋಟೊಗಳನ್ನಷ್ಟೇ ಸೇರಿಸಿದ್ದೆವು. ಗೊತ್ತಾದ ಮೇಲೆ ಲ್ಯಾಮಿಂಗ್ಟನ್ ರೋಡಿನಿಂದ ಹೊಸ ಡಿಸ್ಕ್ ತಂದು ಹಾಕಿದೆವು. ರೀಬಿಲ್ಡ್ ಶೇಕಡಾ 60ರವರೆಗೆ ಸಾಗಿ ನಿಂತಿತು, ಒಂದನೆಯ ಡಿಸ್ಕ್ ಕೂಡ ಕೆಟ್ಟಿದೆ ಎಂಬ ಸೂಚನೆ ಬಂತು. ಈಗ ಒಂದು ಕಡತವೂ ಕಾಣುವುದಿಲ್ಲ. ಪರಿಚಯದ ಹುಡುಗನೊಬ್ಬ ‘ಇನಿಶಿಯಲೈಸ್ ಮಾಡಿ, ಆಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸೋಣ’ ಎನ್ನುತ್ತಾನೆ. ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಓಡುತ್ತದೆ ಎಂದು ಇನ್ನೊಬ್ಬರ ಸಲಹೆ. ಏನು ಮಾಡಬೇಕು?

ಉತ್ತರ: ಎರಡೂ ಸಲಹೆಗಳನ್ನು ದಯವಿಟ್ಟು ಪಾಲಿಸಬೇಡಿ. ಪೆಟ್ಟಿಗೆಯನ್ನು ಕ್ರಮಬದ್ಧವಾಗಿ ಆರಿಸಿ, ಪ್ರತಿ ಡಿಸ್ಕ್‌ನ ಮೇಲೆ ಅದು ಯಾವ ಸ್ಥಾನದಲ್ಲಿತ್ತು ಎಂಬ ಸಂಖ್ಯೆಯನ್ನು ಬರೆದು ಅಂಟಿಸಿ ಹೊರತೆಗೆದಿಡಿ. ಮೊದಲು ಕೆಟ್ಟ ಮೂರನೆಯ ಡಿಸ್ಕನ್ನೂ ಅರ್ಧಕ್ಕೆ ನಿಂತ ಹೊಸ ಡಿಸ್ಕನ್ನೂ ಎಸೆಯದೆ, ಅಂಗಡಿಗೆ ಮರಳಿಸದೆ, ಜೊತೆಗೇ ಇಡಿ. ನೀವು ಬರೆದಿರುವ ವಿವರಗಳನ್ನು ನೋಡಿದರೆ ಸಂಘದ ಸಂಗ್ರಹದ ಬಹುಭಾಗ ಇನ್ನೂ ಆ ಐದು ಡಿಸ್ಕ್‌ಗಳ ಒಳಗೇ ಇದೆ ಎಂದು ನಾನು ನಂಬುತ್ತೇನೆ. ಅದು ಮರಳಿ ಬರುವುದೋ ಇಲ್ಲವೋ ಎಂಬುದು ಇಲ್ಲಿಂದ ಮುಂದೆ ಆ ಡಿಸ್ಕ್‌ಗಳ ಮೇಲೆ ಯಾರೂ ಏನನ್ನೂ ಬರೆಯದಿರುವುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ಏಕೆ ಹೀಗಾಯಿತು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಪರಿಹಾರವೂ ಅದರಿಂದಲೇ ಹೊರಡುತ್ತದೆ. ರೇಡ್ 5ರಲ್ಲಿ ದತ್ತಾಂಶವನ್ನು ತುಂಡು ಮಾಡಿ ಡಿಸ್ಕ್‌ಗಳಿಗೆ ಹಂಚಲಾಗುತ್ತದೆ, ಪ್ರತಿ ಸಾಲಿನ ಮೂರು ತುಂಡುಗಳಿಗೆ ಪ್ಯಾರಿಟಿ ಎಂಬ ನಾಲ್ಕನೆಯ ತುಂಡೊಂದು ಸೇರುತ್ತದೆ. ಮೂವರ ಖರ್ಚನ್ನೂ ಅದರ ಒಟ್ಟು ಮೊತ್ತವನ್ನೂ ಬರೆದಿಟ್ಟ ಲೆಕ್ಕದ ಪುಸ್ತಕದಲ್ಲಿ ಯಾವುದೇ ಒಂದು ಅಂಕಿ ಅಳಿಸಿಹೋದರೂ ಉಳಿದ ಮೂರರಿಂದ ಅದನ್ನು ಕಂಡುಹಿಡಿಯಬಹುದಲ್ಲವೇ, ಇದೂ ಹಾಗೆಯೇ. ಎರಡು ಅಂಕಿಗಳು ಅಳಿಸಿದರೆ ಮಾತ್ರ ಲೆಕ್ಕ ಕೂಡುವುದಿಲ್ಲ. ಹೊಸ ಡಿಸ್ಕ್ ಹಾಕಿದಾಗ ನಡೆಯುವ ರೀಬಿಲ್ಡ್ ಎಂದರೆ ಉಳಿದ ಮೂರು ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ, ನಿಮ್ಮ ವಿಷಯದಲ್ಲಿ 12 ಟಿಬಿಯಷ್ಟನ್ನು, ಒಂದೇ ಉಸಿರಿನಲ್ಲಿ ಓದುವುದು. ಸಾಧಾರಣ ಡಿಸ್ಕ್‌ಗಳ ವಿವರಪತ್ರದಲ್ಲಿ 10ರ 14ನೇ ಘಾತದಷ್ಟು ಬಿಟ್‌ಗಳನ್ನು, ಅಂದರೆ ಸುಮಾರು 12.5 ಟಿಬಿಯನ್ನು ಓದುವಾಗ ಒಂದು ಸೆಕ್ಟರ್ (ಡಿಸ್ಕ್ ಒಮ್ಮೆಗೆ ಓದುವ ಅತಿ ಚಿಕ್ಕ ಭಾಗ) ಓದಲಾಗದೆ ಹೋಗಬಹುದು ಎಂದು ತಯಾರಕರೇ ಬರೆದಿರುತ್ತಾರೆ. ಅದು ಗರಿಷ್ಠ ಮಿತಿ, ನಿಜವಾದ ಡಿಸ್ಕ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ಒಟ್ಟಿಗೆ ಖರೀದಿಸಿದ, ಒಟ್ಟಿಗೆ ಹಳತಾದ ಡಿಸ್ಕ್‌ಗಳಲ್ಲಿ ವರ್ಷಗಟ್ಟಲೆ ಯಾರೂ ತೆರೆಯದ ಕಡತಗಳ ಕೆಳಗೆ ಅಡಗಿದ್ದ ಕೆಟ್ಟ ಸೆಕ್ಟರ್‌ಗಳು ಹೊರಬೀಳುವುದು ರೀಬಿಲ್ಡ್‌ನ ಹೊತ್ತಿನಲ್ಲೇ.

ಇಲ್ಲಿ ಒಂದು ಸಮಾಧಾನದ ಸಂಗತಿಯಿದೆ. ಒಂದನೆಯ ಡಿಸ್ಕ್ ‘ಕೆಟ್ಟಿದೆ’ ಎಂದು ಪೆಟ್ಟಿಗೆ ಹೇಳಿದರೆ ಅದು ಪೂರ್ತಿ ಸತ್ತಿದೆ ಎಂದರ್ಥವಲ್ಲ. ಒಂದು ಸೆಕ್ಟರನ್ನು ಓದಲು ಡಿಸ್ಕ್ ಪದೇ ಪದೇ ಹೆಣಗುತ್ತಾ ಕಾಲಹರಣ ಮಾಡಿದಾಗ ಪೆಟ್ಟಿಗೆ ತಾಳ್ಮೆ ಕಳೆದುಕೊಂಡು ಅದನ್ನು ಗುಂಪಿನಿಂದ ಹೊರಹಾಕುತ್ತದೆ. ನಾಸ್‌ಗೆಂದೇ ಮಾಡಿದ ಡಿಸ್ಕ್‌ಗಳು ಸುಮಾರು 7 ಸೆಕೆಂಡುಗಳಲ್ಲಿ ಪ್ರಯತ್ನ ನಿಲ್ಲಿಸಿ ದೋಷವನ್ನು ವರದಿ ಮಾಡುತ್ತವೆ, ಮೇಜಿನ ಕಂಪ್ಯೂಟರಿನ ಡಿಸ್ಕ್‌ಗಳು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹೆಣಗಬಲ್ಲವು. ಹೀಗೆ ಹೊರಬಿದ್ದ ಡಿಸ್ಕ್‌ನಲ್ಲಿ ಕೆಲವೇ ಸೆಕ್ಟರ್‌ಗಳು ಹಾಳಾಗಿ ಉಳಿದದ್ದೆಲ್ಲ ಓದಲು ಸಿಗುವುದು ತೀರಾ ಸಾಮಾನ್ಯ.

ಇನಿಶಿಯಲೈಸ್ ಮಾಡಿದರೆ ಏನಾಗುತ್ತದೆ? ಪೆಟ್ಟಿಗೆ ಹೊಸ ರೇಡ್ ಒಂದನ್ನು ಸೃಷ್ಟಿಸಿ, ಡಿಸ್ಕ್‌ಗಳ ಕ್ರಮ, ತುಂಡಿನ ಗಾತ್ರ, ಯಾವ ಡಿಸ್ಕ್ ಯಾವಾಗ ಹೊರಬಿತ್ತು ಎಂಬೆಲ್ಲ ವಿವರಗಳನ್ನು ಬರೆದಿಟ್ಟ ಹಳೆಯ ದಾಖಲೆಯನ್ನು ಅಳಿಸುತ್ತದೆ, ಅದರ ಮೇಲೆ ಹೊಸ ಕಡತ ವ್ಯವಸ್ಥೆಯನ್ನು ಹಾಸುತ್ತದೆ, ಹಿನ್ನೆಲೆಯಲ್ಲಿ ಪ್ಯಾರಿಟಿಯನ್ನು ಹೊಸದಾಗಿ ಲೆಕ್ಕಹಾಕಿ ಬರೆಯತೊಡಗುತ್ತದೆ. ಹಳೆಯ ಪ್ಯಾರಿಟಿಯೇ ನಿಮ್ಮ ಉಳಿದ ಆಧಾರ. ಅದು ಹೋದರೆ ಓದಲಾಗದ ಸೆಕ್ಟರ್‌ಗಳನ್ನು ಮತ್ತೆ ಕಟ್ಟಲು ದಾರಿ ಉಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಠಾಣೆಯ ಕಡೆಯ ಮದುವೆ ಛಾಯಾಗ್ರಾಹಕರೊಬ್ಬರು ಇದೇ ಗುಂಡಿ ಒತ್ತಿ, ರಾತ್ರಿಯಿಡೀ ಪೆಟ್ಟಿಗೆ ಓಡಲು ಬಿಟ್ಟು, ಮರುದಿನ ನನ್ನ ಬಳಿಗೆ ಬಂದಿದ್ದರು. ಹಿಂದಿನ ಸಂಜೆ ಬಂದಿದ್ದರೆ ಸಿಗಬಹುದಾಗಿದ್ದ ಎಷ್ಟೋ ಮನೆಗಳ ಮದುವೆಯ ಚಿತ್ರಗಳು ಆ ಒಂದು ರಾತ್ರಿಯಲ್ಲಿ ಹೋಗಿಬಿಟ್ಟಿದ್ದವು. ಆ ನೋವು ನನಗೆ ಇಂದಿಗೂ ಇದೆ, ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದಾಗಲೂ ಇನಿಶಿಯಲೈಸ್ ಮಾಡಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಅಲ್ಲಿಯೂ ಬೇಡ ಎನ್ನಿ. ಫ್ರೀಜರಿನ ಮಾತಂತೂ ಅಪಾಯಕಾರಿ. ಡಿಸ್ಕ್‌ನ ಓದುವ ತಲೆ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ, ಮುಂಬಯಿಯ ತೇವದ ಗಾಳಿಯಲ್ಲಿ ತಣ್ಣಗಿನ ಡಿಸ್ಕನ್ನು ಹೊರತೆಗೆದರೆ ತಟ್ಟೆಯ ಮೇಲೆ ಹನಿಗಟ್ಟುವ ನೀರು ಆ ತಲೆಗೆ ಬಂಡೆಗೆ ಸಮಾನ.

ಸರಿಯಾದ ದಾರಿ ಹೀಗಿದೆ. ಮೊದಲು ಪ್ರತಿ ಡಿಸ್ಕ್‌ನ ಸೆಕ್ಟರ್ ಸೆಕ್ಟರಿನ ನಕಲನ್ನು, ಅಂದರೆ ಇಮೇಜನ್ನು, ಅಷ್ಟೇ ಅಥವಾ ಹೆಚ್ಚಿನ ಸಾಮರ್ಥ್ಯದ ಬೇರೆ ಡಿಸ್ಕ್‌ಗೆ ತೆಗೆಯಬೇಕು, ಮುಂದಿನ ಕೆಲಸವೆಲ್ಲ ಆ ನಕಲುಗಳ ಮೇಲೆಯೇ ನಡೆಯಬೇಕು. ಇದಕ್ಕೆ ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುವ ಗ್ನೂ ಡಿಡಿರೆಸ್ಕ್ಯೂ ಉತ್ತಮ ಸಾಧನ. ಅದು ಸುಲಭವಾಗಿ ಓದಲು ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ, ಯಾವುದು ಸಿಕ್ಕಿತು ಯಾವುದು ಸಿಗಲಿಲ್ಲ ಎಂಬ ನಕ್ಷೆಯನ್ನೂ ಕಡತವಾಗಿ ಇಟ್ಟುಕೊಳ್ಳುತ್ತದೆ. ಆರೋಗ್ಯವಾದ 4 ಟಿಬಿ ಡಿಸ್ಕ್‌ಗೆ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಏಳೂವರೆ ಗಂಟೆ ಸಾಕು. ಕೆಟ್ಟ ಡಿಸ್ಕ್‌ಗೆ ದಿನಗಳೇ ಹಿಡಿಯಬಹುದು, ಆದ್ದರಿಂದ ಯುಪಿಎಸ್ ಇರಲಿ, ಡಿಸ್ಕ್‌ಗೆ ಫ್ಯಾನ್ ಗಾಳಿ ಬೀಸುತ್ತಿರಲಿ.

ನಿಮ್ಮ ಪ್ರಕರಣದಲ್ಲಿ ಒಂದು ವಿಶೇಷವಿದೆ, ಕೆಲಸ ಮಾಡುವವರಿಗೆ ಇದನ್ನು ಅಗತ್ಯವಾಗಿ ತಿಳಿಸಿ. ಹೊಸ ಡಿಸ್ಕ್‌ನ ಮೊದಲ ಶೇಕಡಾ 60ರಷ್ಟು ಭಾಗದಲ್ಲಿ ಮೂರನೆಯ ಸ್ಥಾನದ ಸರಿಯಾದ ದತ್ತಾಂಶ ಆಗಲೇ ಬಂದು ಕೂತಿದೆ. ಹಾಗಾಗಿ ಅಷ್ಟು ಭಾಗವನ್ನು ಎರಡನೆಯ, ನಾಲ್ಕನೆಯ ಮತ್ತು ಹೊಸ ಡಿಸ್ಕ್‌ಗಳಿಂದಲೇ ಕಟ್ಟಬಹುದು, ರೋಗಿಷ್ಠವಾದ ಒಂದನೆಯ ಡಿಸ್ಕ್ ಅಲ್ಲಿ ಬೇಕೇ ಆಗುವುದಿಲ್ಲ. ಅದರಿಂದ ಪಡೆಯಲೇಬೇಕಾದದ್ದು ಕೊನೆಯ ಶೇಕಡಾ 40 ಮಾತ್ರ. ಆದ್ದರಿಂದ ಒಂದನೆಯ ಡಿಸ್ಕ್‌ನ ನಕಲನ್ನು ಮೊದಲಿನಿಂದ ಆರಂಭಿಸದೆ, ಸ್ವಲ್ಪ ಹಿಂದಿನಿಂದ ಹಿಡಿದು, ಶೇಕಡಾ 55ರ ಸುಮಾರಿನಿಂದ ಕೊನೆಯವರೆಗೆ ಮೊದಲು ತೆಗೆಯುವುದು ಜಾಣತನ. ಡಿಸ್ಕ್ ನಡುವೆ ಸತ್ತರೂ ಮುಖ್ಯವಾದದ್ದು ಕೈಗೆ ಬಂದಿರುತ್ತದೆ. ಅಲ್ಲಿಯೂ ಓದಲಾಗದೆ ಉಳಿದ ಸೆಕ್ಟರ್‌ಗಳಿಗೆ ಆರು ವಾರ ಹಿಂದೆ ಹೊರಬಿದ್ದ ಹಳೆಯ ಮೂರನೆಯ ಡಿಸ್ಕ್ ನೆರವಾಗುತ್ತದೆ. ಸಾಮಾನ್ಯವಾಗಿ ಹೀಗೆ ಹಿಂದುಳಿದ ಡಿಸ್ಕನ್ನು ಗುಂಪಿಗೆ ಸೇರಿಸಲೇಬಾರದು, ಏಕೆಂದರೆ ಆಮೇಲೆ ಬದಲಾದ ಸಾಲುಗಳಲ್ಲಿ ಅದರ ಲೆಕ್ಕ ತಪ್ಪು. ಹೊಸದರ ಜೊತೆ ಹಳೆಯದನ್ನು ಬೆರೆಸಿ ಕಡತಗಳನ್ನು ಕೆಡಿಸಿಕೊಂಡವರು ಅನೇಕರಿದ್ದಾರೆ. ಆದರೆ ನೀವು ಆ ಅವಧಿಯಲ್ಲಿ ಕೆಲವು ಫೋಟೊಗಳನ್ನಷ್ಟೇ ಸೇರಿಸಿದ್ದರಿಂದ ಇಪ್ಪತ್ತು ವರ್ಷಗಳ ಹಳೆಯ ಧ್ವನಿಮುದ್ರಣಗಳಿರುವ ಸಾಲುಗಳು ಬದಲಾಗಿರುವ ಸಂಭವ ಕಡಿಮೆ. ಆಯ್ದ ಸೆಕ್ಟರ್‌ಗಳಿಗೆ ಮಾತ್ರ ಅದನ್ನು ಬಳಸುವುದರಲ್ಲಿ ತಪ್ಪಿಲ್ಲ.

ನಕಲುಗಳನ್ನು ಜೋಡಿಸಿದ ಮೇಲೆ ಕಡತಗಳ ಪಟ್ಟಿ ಕಂಡಿತೆಂದು ನಂಬಿ ಕೂರಬೇಡಿ. ಲಿನಕ್ಸ್ ಆಧಾರಿತ ನಾಸ್‌ಗಳಲ್ಲಿ ತುಂಡಿನ ಗಾತ್ರ 64 ಕೆಬಿಯಿಂದ 512 ಕೆಬಿಯವರೆಗೆ ಇರುವುದು ವಾಡಿಕೆ. ಅದಕ್ಕಿಂತ ಚಿಕ್ಕ ಕಡತ ಒಂದೇ ಡಿಸ್ಕ್‌ನಲ್ಲಿ ಕೂತಿರಬಹುದಾದ್ದರಿಂದ ಡಿಸ್ಕ್‌ಗಳ ಕ್ರಮ ತಪ್ಪಿದ್ದರೂ ಅದು ಸರಿಯಾಗಿಯೇ ತೆರೆದುಕೊಳ್ಳುತ್ತದೆ. ಪರೀಕ್ಷಿಸಬೇಕಾದದ್ದು ಗಂಟೆಗಟ್ಟಲೆಯ ತಾಳಮದ್ದಳೆಯ ದೊಡ್ಡ ಕಡತಗಳನ್ನು, ಆರಂಭದಲ್ಲಿ ಮಾತ್ರವಲ್ಲ, ನಡುವೆಯೂ ಕೊನೆಯಲ್ಲಿಯೂ ಕೇಳಿ. ಕಡತ ವ್ಯವಸ್ಥೆಯನ್ನು ‘ಸರಿಪಡಿಸುವ’ ಆದೇಶಗಳನ್ನು ಮೂಲ ಡಿಸ್ಕ್‌ಗಳ ಮೇಲೆ ಎಂದೂ ಓಡಿಸಬಾರದು, ಅವು ತಮಗೆ ಅರ್ಥವಾಗದ್ದನ್ನು ಅಳಿಸಿಹಾಕುತ್ತವೆ.

ಇದನ್ನು ಸಂಘದಲ್ಲಿ ಲಿನಕ್ಸ್ ಬಲ್ಲವರು ಮಾಡಬಹುದೇ? ಡಿಸ್ಕ್‌ಗಳು ಶಾಂತವಾಗಿ ತಿರುಗುತ್ತಿದ್ದರೆ, ನಕಲು ತೆಗೆಯುವವರೆಗೆ ಮಾಡಬಹುದು. ಒಂದನೆಯ ಡಿಸ್ಕ್ ಟಕ್ ಟಕ್ ಎಂದರೆ ಅಥವಾ ಕೆರೆಯುವ ಸದ್ದು ಬಂದರೆ ಆ ಕ್ಷಣವೇ ವಿದ್ಯುತ್ ತೆಗೆದು ಧೂಳುರಹಿತ ಕೋಣೆಯಿರುವ ಪ್ರಯೋಗಾಲಯಕ್ಕೆ ಒಯ್ಯಿರಿ. ಮೊದಲು ನಕಲು ತೆಗೆಯುತ್ತೀರಾ, ಹಣ ಪಡೆಯುವ ಮುನ್ನ ಸಿಗುವ ಕಡತಗಳ ಪಟ್ಟಿ ತೋರಿಸುತ್ತೀರಾ ಎಂದು ಅಲ್ಲಿ ಕೇಳಿ. ಇವೆರಡಕ್ಕೂ ಸ್ಪಷ್ಟ ಉತ್ತರ ಕೊಡದವರ ಕೈಗೆ ಡಿಸ್ಕ್ ಕೊಡಬೇಡಿ. ಐದೂ ಡಿಸ್ಕ್‌ಗಳನ್ನು ಒಂದೊಂದಾಗಿ ಸ್ಥಾಯಿವಿದ್ಯುತ್ ತಡೆಯುವ ಚೀಲದಲ್ಲಿಟ್ಟು, ಫೋಮ್ ಸುತ್ತಿ, ಲೋಕಲ್ ರೈಲಿನ ನೂಕುನುಗ್ಗಲಿನ ಹೊತ್ತು ತಪ್ಪಿಸಿ ನೀವೇ ಒಯ್ಯುವುದು ಒಳ್ಳೆಯದು.

ಪ್ರಶ್ನೆ: ಪುಣೆಯಲ್ಲಿ ನದಿಯ ಸಮೀಪ ನೆಲಮಹಡಿಯಲ್ಲಿ ನನ್ನ ಲೆಕ್ಕಪರಿಶೋಧನೆಯ ಕಚೇರಿ ಇದೆ. ಮಳೆಗಾಲದಲ್ಲಿ ನೀರು ನುಗ್ಗಿ ಸರ್ವರ್ ಒಂದು ರಾತ್ರಿ ಮುಳುಗಿತ್ತು. ಒಳಗೆ ರೇಡ್ 1ರಲ್ಲಿ ಎರಡು ಡಿಸ್ಕ್‌ಗಳಿವೆ. ಬಿಸಿಲಿನಲ್ಲಿ ಒಣಗಿಸಿ ಹಚ್ಚಿ ನೋಡಬಹುದೇ?

ಉತ್ತರ: ಒಣಗಿಸಲೂ ಬೇಡ, ಹಚ್ಚಲೂ ಬೇಡ. ಸಾಧಾರಣ ಡಿಸ್ಕ್‌ನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ರಂಧ್ರವಿರುತ್ತದೆ, ಅದರ ಮೂಲಕ ಕೆಸರುನೀರು ಒಳಗೆ ಹೋಗಿರಬಹುದು. ಆ ನೀರು ಒಣಗಿದರೆ ಮಣ್ಣೂ ಲವಣವೂ ತಟ್ಟೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ಒದ್ದೆಯಾಗಿದ್ದಾಗ ತೊಳೆಯುವಷ್ಟು ಸುಲಭವಾಗಿ ಆಮೇಲೆ ತೊಳೆಯಲಾಗುವುದಿಲ್ಲ. ಡಿಸ್ಕ್‌ಗಳನ್ನು ಒದ್ದೆ ಬಟ್ಟೆಯ ಜೊತೆ ಗಾಳಿಯಾಡದ ಚೀಲದಲ್ಲಿಟ್ಟು ಬೇಗ ಪ್ರಯೋಗಾಲಯಕ್ಕೆ ಮುಟ್ಟಿಸಿ. ಹೀಲಿಯಂ ತುಂಬಿ ಪೂರ್ತಿ ಮುಚ್ಚಿದ ಡಿಸ್ಕ್‌ಗಳಾದರೆ ಒಳಗೆ ನೀರು ಹೋಗಿರುವ ಸಂಭವ ಕಡಿಮೆ, ಆದರೂ ಕೆಳಗಿನ ಸರ್ಕ್ಯೂಟ್ ಬೋರ್ಡ್ ಒದ್ದೆಯಾಗಿರುವುದರಿಂದ ವಿದ್ಯುತ್ ಕೊಡುವಂತಿಲ್ಲ. ರೇಡ್ 1ರಲ್ಲಿ ಎರಡೂ ಡಿಸ್ಕ್‌ಗಳಲ್ಲಿ ಪೂರ್ಣ ಪ್ರತಿಯಿರುತ್ತದೆ, ಒಂದು ಬದುಕಿದರೂ ನಿಮ್ಮ ಗ್ರಾಹಕರ ಲೆಕ್ಕಗಳು ಸಿಗುತ್ತವೆ. ಹಾಗೆಂದು ಒಂದನ್ನು ಮನೆಯಲ್ಲಿ ಪ್ರಯೋಗಿಸಿ ಇನ್ನೊಂದನ್ನು ಕಳುಹಿಸಬೇಡಿ. ಒಂದರ ಹಾಳಾದ ಜಾಗವನ್ನು ಮತ್ತೊಂದರಿಂದ ತುಂಬಲು ಎರಡೂ ಬೇಕು.

ಪ್ರಶ್ನೆ: ಮಡಗಾಂವಿನಲ್ಲಿ ವಿಡಿಯೊ ಸಂಕಲನ ಮಾಡುತ್ತೇನೆ. ಎರಡು ಎಸ್‌ಎಸ್‌ಡಿಗಳ ರೇಡ್ 0ಯಿಂದ (ಹೆಚ್ಚುವರಿ ಪ್ರತಿಯಿಲ್ಲದೆ ಕಡತಗಳನ್ನು ಎರಡಕ್ಕೂ ಹಂಚುವ ವಿಧಾನ) ಒಂದು ಫೋಲ್ಡರ್ ನಿನ್ನೆ ಕೈತಪ್ಪಿ ಅಳಿಸಿಹೋಯಿತು. ರಿಕವರಿ ಸಾಫ್ಟ್‌ವೇರ್ ಹೆಸರುಗಳನ್ನು ತೋರಿಸುತ್ತದೆ, ತೆರೆದರೆ ಒಳಗೆ ಬರೀ ಸೊನ್ನೆಗಳು.

ಉತ್ತರ: ಅದು ಟ್ರಿಮ್ ಎಂಬ ಆದೇಶದ ಪರಿಣಾಮ. ಕಡತ ಅಳಿಸಿದ ಕೂಡಲೇ ಆ ಜಾಗ ಇನ್ನು ಬೇಡವೆಂದು ಆಪರೇಟಿಂಗ್ ಸಿಸ್ಟಂ ಎಸ್‌ಎಸ್‌ಡಿಗೆ ತಿಳಿಸುತ್ತದೆ, ಅಲ್ಲಿಂದ ಮುಂದೆ ಎಸ್‌ಎಸ್‌ಡಿ ಆ ಜಾಗಕ್ಕೆ ಸೊನ್ನೆಗಳನ್ನೇ ಕೊಡುತ್ತದೆ. ಸೊನ್ನೆ ಬಂದಿರುವ ಕಡತಗಳ ಮೇಲೆ ಹಣ ಸುರಿಯಬೇಡಿ ಎಂದು ಹೇಳಲು ನನಗೆ ಬೇಸರವಾಗುತ್ತದೆ, ಆದರೆ ಸುಳ್ಳು ಭರವಸೆ ಕೊಡಲಾರೆ. ನಿಮ್ಮ ಆಸೆ ಇರಬೇಕಾದದ್ದು ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳ ಮೇಲೆ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಅನೇಕ ಸಲ ಕಡತಗಳ ಪಟ್ಟಿಯಷ್ಟೇ ಅಳಿಯುತ್ತದೆ, ಚಿತ್ರೀಕರಣ ಹಾಗೆಯೇ ಇರುತ್ತದೆ. ಆ ಕಾರ್ಡ್‌ಗಳಲ್ಲಿ ಇನ್ನು ಒಂದು ದೃಶ್ಯವನ್ನೂ ಚಿತ್ರಿಸದೆ, ಬರೆಯದಂತೆ ತಡೆಯುವ ಪಕ್ಕದ ಗುಂಡಿಯಿದ್ದರೆ ಅದನ್ನು ಸರಿಸಿ, ಮೊದಲು ಅವುಗಳ ಪೂರ್ಣ ಇಮೇಜ್ ತೆಗೆದುಕೊಳ್ಳಿ. ಆಮೇಲೆ ಆ ಇಮೇಜ್‌ನ ಮೇಲೆಯೇ ಸಾಫ್ಟ್‌ವೇರ್ ಓಡಿಸಿ ಹುಡುಕಿ.