ಸ್ಪರ್ಧೆಯಲ್ಲಿ ಕೆಟ್ಟದಾಗಿ ಆಡಿದರೂ ಗಾಲ್ಫ್ ಹ್ಯಾಂಡಿಕ್ಯಾಪ್ ಏಕೆ ಏರುವುದಿಲ್ಲ?

ಹ್ಯಾಂಡಿಕ್ಯಾಪ್ ಎಂದರೆ ಆಟಗಾರನ ಸಾಮರ್ಥ್ಯ ತೋರಿಸುವ ಸಂಖ್ಯೆ; ಅದು ಕಡಿಮೆಯಿದ್ದಷ್ಟೂ ಆಟ ಉತ್ತಮ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಸರಾಸರಿಯನ್ನಷ್ಟೇ ಪರಿಗಣಿಸುತ್ತದೆ. ಕಳಪೆ ಸುತ್ತು ಸಾಮಾನ್ಯವಾಗಿ ಆ ಎಂಟರೊಳಗೆ ಸೇರುವುದೇ ಇಲ್ಲ. ಹಳೆಯ ಒಳ್ಳೆಯ ಸುತ್ತೊಂದು ಪಟ್ಟಿಯಿಂದ ಹೊರಬಿದ್ದಾಗ ಹ್ಯಾಂಡಿಕ್ಯಾಪ್ ಏರುತ್ತದೆ.

ಒಂದೇ ಗುಳಿಯಲ್ಲಾದ ಅನಾಹುತಕ್ಕೆ ಮಿತಿ ಹಾಕಿದ ಮೇಲೆ ನಿಮ್ಮ ಸ್ಕೋರು 90, ಕೋರ್ಸ್ ರೇಟಿಂಗ್ (ಆ ಮೈದಾನದಲ್ಲಿ ನುರಿತ ಆಟಗಾರನಿಂದ ನಿರೀಕ್ಷಿಸುವ ಸ್ಕೋರು) 71, ಸ್ಲೋಪ್ (ಸಾಮಾನ್ಯ ಆಟಗಾರನಿಗೆ ಮೈದಾನ ಎಷ್ಟು ಹೆಚ್ಚು ಕಷ್ಟ ಎಂಬ ಅಳತೆ) 125 ಎನ್ನಿ. ವ್ಯತ್ಯಾಸ 19ನ್ನು ಪ್ರಮಾಣಿತ ಸ್ಲೋಪ್ ಆದ 113ರಿಂದ ಗುಣಿಸಿ 125ರಿಂದ ಭಾಗಿಸಿದರೆ 17.2. ಪಟ್ಟಿಗೆ ಸೇರುವುದು ಇದೇ. ಗಾಳಿಮಳೆಯಿಂದ ಎಲ್ಲರ ಆಟವೂ ಕೆಟ್ಟಿದ್ದರೆ ಲೆಕ್ಕದಲ್ಲಿ 3ರವರೆಗೆ ರಿಯಾಯಿತಿ ಉಂಟು.

ನಾನು ಬಹಳ ಮೆಚ್ಚುವ ನಿಯಮ ಬೇರೆ: ಹೀಗೆ ಲೆಕ್ಕ ಹಾಕಿದ ಸುತ್ತಿನ ಫಲಿತಾಂಶ ಸದ್ಯದ ಹ್ಯಾಂಡಿಕ್ಯಾಪ್‌ಗಿಂತ ಕನಿಷ್ಠ 7ರಷ್ಟು ಕೆಳಗಿದ್ದರೆ ಹ್ಯಾಂಡಿಕ್ಯಾಪ್‌ನಲ್ಲಿ 1, ಕನಿಷ್ಠ 10ರಷ್ಟು ಕೆಳಗಿದ್ದರೆ 2 ಹೆಚ್ಚುವರಿ ಕಡಿತ. ಬೇಕೆಂದೇ ಹ್ಯಾಂಡಿಕ್ಯಾಪ್ ಉಬ್ಬಿಸಿಟ್ಟು ಬಹುಮಾನ ಹೊಡೆಯುವವರಿಗೆ ಇದು ನಿಜವಾದ ಕಡಿವಾಣ.